ಒಂಬತ್ತು ಪಿಕ್ಸೆಲ್‌ಗಳ ಬಾಗು

ಚಂದ್ರನ ಮೇಲೆ ಬೀಳುವ ಭೂಮಿಯ ನೆರಳನ್ನು ಮನೆಯ ತಾರಸಿಯ ಮೇಲೆ ನಿಂತು ಅಳೆಯಬಹುದೆಂಬ ಮಾತು ನಿಜವೇ ಆದರೂ, ಹೇಳಿದಷ್ಟು ಸಲೀಸಾಗಿ ನೆರಳು ಅಳತೆಗೆ ಒಗ್ಗುವುದಿಲ್ಲ. ಭಾಗಶಃ ಗ್ರಹಣದಲ್ಲಿ ನೆರಳಿನ ಇಡೀ ವೃತ್ತ ಎಂದೂ ಕಾಣುವುದಿಲ್ಲ. ಕಾಣುವುದು ಅದರ ಅಂಚಿನ ಒಂದು ತುಣುಕು ಮಾತ್ರ, ಉಳಿದದ್ದನ್ನು ಆ ತುಣುಕಿನ ಬಾಗಿನಿಂದ ಲೆಕ್ಕ ಹಾಕಬೇಕು. ಒಡೆದ ಬಳೆಯ ಚೂರಿನಿಂದ ಬಳೆಯ ಅಳತೆ ಹೇಳಲು ಸಾಧ್ಯವಿದೆಯಾದರೂ ಚೂರು ಚಿಕ್ಕದಾದಷ್ಟೂ ಆ ಹೇಳಿಕೆ ಸಡಿಲವಾಗುತ್ತದೆ.

ಸೂರ್ಯ ಭೂಮಿಗಿಂತ ಬಹಳ ದೊಡ್ಡದಾದ್ದರಿಂದ ಭೂಮಿಯ ನೆರಳು ಶಂಕುವಿನಂತೆ ಕಿರಿದಾಗುತ್ತ ಸುಮಾರು 14 ಲಕ್ಷ ಕಿಲೋಮೀಟರ್ ದೂರದಲ್ಲಿ ಕೊನೆಗೊಳ್ಳುತ್ತದೆ. ಸೂರ್ಯಬಿಂಬ ಪೂರ್ತಿ ಮರೆಯಾಗುವ ಒಳಭಾಗಕ್ಕೆ ದಟ್ಟ ನೆರಳೆಂದೂ, ಬಿಂಬದ ಒಂದಂಶ ಮಾತ್ರ ಮರೆಯಾಗುವ ಹೊರಸುತ್ತಿಗೆ ಅರೆನೆರಳೆಂದೂ ಹೆಸರು. ಚಂದ್ರನಿರುವ ದೂರದಲ್ಲಿ ದಟ್ಟ ನೆರಳಿನ ಅಗಲ ಚಂದ್ರನ ವ್ಯಾಸದ 2.7 ಪಟ್ಟಿಗೆ ಹತ್ತಿರವಿರುತ್ತದೆ. ಸಾಮೋಸ್‌ನ ಅರಿಸ್ಟಾರ್ಕಸ್ ಇದನ್ನು ಎರಡು ಪಟ್ಟೆಂದೂ, ಹಿಪ್ಪಾರ್ಕಸ್ ಎರಡೂವರೆ ಪಟ್ಟೆಂದೂ, ಟಾಲೆಮಿ 2.6 ಪಟ್ಟೆಂದೂ ಎಣಿಸಿದ್ದರು. ಆಕಾಶದಲ್ಲಿ ಸೂರ್ಯ ಚಂದ್ರರ ಬಿಂಬಗಳು ಒಂದೇ ಗಾತ್ರದವಾಗಿ ಕಾಣುವುದರಿಂದ, ನೆರಳು ಭೂಮಿಯಿಂದ ಚಂದ್ರನವರೆಗೆ ಸಾಗುವಷ್ಟರಲ್ಲಿ ತನ್ನ ಅಗಲದಲ್ಲಿ ಸರಿಸುಮಾರು ಒಂದು ಚಂದ್ರನಷ್ಟನ್ನು ಕಳೆದುಕೊಂಡಿರುತ್ತದೆ. ಹೀಗಾಗಿ ಅಳೆದ ಸಂಖ್ಯೆಗೆ ಒಂದನ್ನು ಕೂಡಿಸಿದರೆ ಭೂಮಿಯ ವ್ಯಾಸ ಎಷ್ಟು ಚಂದ್ರರಿಗೆ ಸಮವೆಂಬುದು ತಿಳಿಯುತ್ತದೆ. ಭೂಮಿಯ 12,742 ಕಿಲೋಮೀಟರನ್ನು 3.7ರಿಂದ ಭಾಗಿಸಿದರೆ ಬರುವ 3,444 ಕಿಲೋಮೀಟರ್, ಚಂದ್ರನ ನಿಜವಾದ 3,474 ಕಿಲೋಮೀಟರಿಗೆ ಎಷ್ಟು ಹತ್ತಿರವಿದೆ ಎಂಬುದನ್ನು ನೋಡಿದರೆ ಈ ಕೆಲಸದ ಆಕರ್ಷಣೆ ಅರ್ಥವಾಗುತ್ತದೆ.

ಲೆಕ್ಕದ ಸಲಕರಣೆ ಹಳೆಯದು, ಅದರ ಮಾತೂ ಬಿಲ್ಲುಗಾರಿಕೆಯದು. ನೆರಳಿನ ಅಂಚು ಬಿಲ್ಲಾದರೆ ಅದರ ಎರಡು ತುದಿಗಳನ್ನು ಸೇರಿಸುವ ಗೆರೆ ಜ್ಯಾ, ಅಂದರೆ ಹೆದೆ. ಹೆದೆಯ ನಡುವಿನಿಂದ ಬಿಲ್ಲಿನ ಬೆನ್ನಿಗೆ ಇರುವ ದೂರ ಶರ, ಅಂದರೆ ಬಾಣ. ಅರ್ಧ ಹೆದೆಯ ವರ್ಗವು, ಹೆದೆ ವ್ಯಾಸವನ್ನು ತುಂಡರಿಸಿದಾಗ ಅದರ ಎರಡು ಕಡೆ ಉಳಿಯುವ ಶರಗಳ ಗುಣಲಬ್ಧಕ್ಕೆ ಸಮವೆಂಬ ನಿಯಮ ಕ್ರಿ.ಶ. 499ರ ಆರ್ಯಭಟೀಯದ ಗಣಿತಪಾದದಲ್ಲಿದೆ. ಅದರ ಮರುಶ್ಲೋಕವೇ ಒಂದನ್ನೊಂದು ಕಚ್ಚಿದ ಎರಡು ವೃತ್ತಗಳ, ಎಂದರೆ ಗ್ರಹಣದ ಚಿತ್ರದ್ದೇ ಲೆಕ್ಕವಾಗಿದೆ. ಚಿತ್ರದಲ್ಲಿ ಹೆದೆಯನ್ನೂ ಬಾಣವನ್ನೂ ಅಳೆದರೆ ನೆರಳಿನ ವ್ಯಾಸ ಸಿಕ್ಕಂತೆಯೇ.

ಈ ಬರಹಕ್ಕೆ ಆಧಾರವಾದ ಮೊದಲ ಅಳತೆ 2023ರ ಅಕ್ಟೋಬರ್ 28ರ ರಾತ್ರಿಯದು. ಅಂದು ಸೀಗೆ ಹುಣ್ಣಿಮೆ. ಮಲೆನಾಡಿನಲ್ಲಿ ತುಂಬಿನಿಂತ ಗದ್ದೆಗೆ ಬಯಕೆಯ ಊಟ ಬಡಿಸುವ ಭೂಮಿ ಹುಣ್ಣಿಮೆಯೂ ಅದೇ ಆದ್ದರಿಂದ, ಭೂಮಿ ತನ್ನ ನೆರಳನ್ನು ತೋರಿಸಲು ಒಳ್ಳೆಯ ದಿನವನ್ನೇ ಆರಿಸಿಕೊಂಡಿತ್ತೆನ್ನಬೇಕು. ರಾತ್ರಿ 1.05ಕ್ಕೆ ಆರಂಭವಾಗಿ 2.22ಕ್ಕೆ ಮುಗಿದ ಆ ಗ್ರಹಣದಲ್ಲಿ ಚಂದ್ರನ ವ್ಯಾಸದ ಶೇಕಡಾ 12ರಷ್ಟು ಮಾತ್ರ, ಅದೂ ದಕ್ಷಿಣದ ಅಂಚಿನಲ್ಲಿ, ದಟ್ಟ ನೆರಳಿಗೆ ಸಿಕ್ಕಿತು. ವೀಕ್ಷಕನ ಬಳಿ ಇದ್ದುದು 135 ಮಿಲಿಮೀಟರ್ ಲೆನ್ಸಿನ ಕ್ಯಾಮೆರಾ. ಚಿತ್ರದಲ್ಲಿ ಚಂದ್ರನ ಅಗಲ 300 ಪಿಕ್ಸೆಲ್. 1.44ರ ಗರಿಷ್ಠ ಗ್ರಹಣದಲ್ಲೂ ಇಂಥ ಚಿತ್ರದಲ್ಲಿ ಹೆದೆ ಸುಮಾರು 172 ಪಿಕ್ಸೆಲ್ ಇರುತ್ತದೆ, ಬಾಣ ಬರೀ ಒಂಬತ್ತು. ಬಾಣದ ತುದಿಯನ್ನು ಎರಡು ಪಿಕ್ಸೆಲ್ ಆಚೆಗೆ ಗುರುತಿಸಿದರೆ ನೆರಳು 2.2 ಚಂದ್ರರಷ್ಟಾಗುತ್ತದೆ, ಎರಡು ಪಿಕ್ಸೆಲ್ ಈಚೆಗೆ ಗುರುತಿಸಿದರೆ 3.4 ಚಂದ್ರರಷ್ಟಾಗುತ್ತದೆ. ಅರಿಸ್ಟಾರ್ಕಸನ ಎರಡು ಪಟ್ಟಿನ ಬಗೆಗೆ ಇದ್ದ ಸಣ್ಣ ತಾತ್ಸಾರ ಇಷ್ಟಕ್ಕೇ ಇಳಿದುಹೋಯಿತು.

ಎರಡು ಪಿಕ್ಸೆಲ್ ಎಂಬುದು ಉದಾರವಾದ ಅಂದಾಜೇ ಸರಿ, ಏಕೆಂದರೆ ನೆರಳಿಗೆ ಗೆರೆ ಎಳೆದಂಥ ಅಂಚು ಇಲ್ಲವೇ ಇಲ್ಲ. ಅರೆನೆರಳು ಒಳಗೆ ಹೋದಂತೆ ಕಪ್ಪಾಗುತ್ತ ದಟ್ಟ ನೆರಳಿನಲ್ಲಿ ಕರಗುತ್ತದೆ. ಬರಿಗಣ್ಣಿಗೆ ಚಾಕುವಿನಿಂದ ಕೊಯ್ದಂತಿದ್ದ ಅಂಚು ಪರದೆಯ ಮೇಲೆ ಹಿಗ್ಗಿಸಿದಾಗ ಒದ್ದೆ ಕಾಗದದ ಮೇಲೆ ಹರಡಿದ ಶಾಯಿಯಂತಿರುತ್ತದೆ. ಕ್ಯಾಮೆರಾಕ್ಕೆ ಕಡಿಮೆ ಬೆಳಕು ಕೊಟ್ಟರೆ ಅರೆನೆರಳಿನ ಒಳಸುತ್ತೂ ಕಪ್ಪಾಗಿ ಮೂಡಿ ನೆರಳು ಹಿಗ್ಗುತ್ತದೆ, ಹೆಚ್ಚು ಬೆಳಕು ಕೊಟ್ಟರೆ ಹಿಂದಕ್ಕೆ ಸರಿಯುತ್ತದೆ. ಭೂಮಿಯ ವಾತಾವರಣವೇ ನೆರಳನ್ನು ಸುಮಾರು ಶೇಕಡಾ ಎರಡರಷ್ಟು ದೊಡ್ಡದು ಮಾಡುತ್ತದೆಂಬುದು ಖಗೋಳಜ್ಞರು ಲೆಕ್ಕಕ್ಕೆ ಹಿಡಿಯುವ ಸಂಗತಿಯಾದರೂ, ಇಂಥ ಚಿತ್ರಗಳಲ್ಲಿ ಅದನ್ನು ಹುಡುಕುವುದು ತಕ್ಕಡಿಯಿಲ್ಲದವನು ಗುಲಗಂಜಿ ತೂಗಿದಂತೆ.

ಇದಕ್ಕಿಂತ ಕೆಟ್ಟ ತಪ್ಪು ಆಕಾಶದ್ದಲ್ಲ. ಉತ್ತರ 2.7 ಎಂಬುದು ಮೊದಲೇ ಗೊತ್ತಿದ್ದುದರಿಂದ, 3.1 ಬಂದಾಗ ಅಂಚಿನ ಗುರುತುಗಳನ್ನು ಪರೀಕ್ಷಿಸಿ ಸರಿಪಡಿಸಿದ ಕೈ, 2.7 ಬಂದೊಡನೆ ಪರೀಕ್ಷೆಯನ್ನು ನಿಲ್ಲಿಸಿಬಿಟ್ಟಿತು. ಹೀಗೆ ಬಂದ ಸಂಖ್ಯೆಯನ್ನು ಅಳತೆ ಎನ್ನಲಾಗದು, ಅದು ನಕಲು. ಅಂಚು ಎಲ್ಲಿದೆ ಎಂಬುದನ್ನು ಕಣ್ಣಿಗೆ ಬಿಡದೆ ಮೊದಲೇ ನಿಯಮ ಮಾಡಿಕೊಳ್ಳುವುದೊಂದೇ ಇದಕ್ಕೆ ದಾರಿ: ಉದಾಹರಣೆಗೆ, ಗ್ರಹಣವಿಲ್ಲದ ಚಂದ್ರನ ಅದೇ ಜಾಗದಲ್ಲಿದ್ದ ಬೆಳಕಿನ ಹತ್ತರಲ್ಲೊಂದು ಪಾಲು ಎಲ್ಲಿ ಉಳಿದಿದೆಯೋ ಅದೇ ಅಂಚು ಎಂದು ಗೊತ್ತುಮಾಡಿದರೆ, ಚಂದ್ರನ ಸಹಜವಾದ ಕಪ್ಪು ಕಲೆಗಳು ನೆರಳೆಂದು ಮೋಸ ಮಾಡುವುದೂ ತಪ್ಪುತ್ತದೆ. ಆದರೆ ಇದಕ್ಕೆ ಗ್ರಹಣವಿಲ್ಲದ ಚಂದ್ರನ ಚಿತ್ರ ಅದೇ ರಾತ್ರಿಯದು, ಅದೇ ಲೆನ್ಸಿನದು, ಅದೇ ಬೆಳಕಿನದು ಇರಬೇಕು. ಅರೆನೆರಳು 11.31ಕ್ಕೇ ಚಂದ್ರನನ್ನು ಮುಟ್ಟಿತ್ತು, ತ್ರಿಪಾದಿ ತಾರಸಿಗೆ ಏರಿದ್ದು ಒಂದು ಗಂಟೆಗೆ. ಅರೆನೆರಳು ಪೂರ್ತಿ ಬಿಟ್ಟ ನಾಲ್ಕರ ಹೊತ್ತಿಗೆ ವೀಕ್ಷಕ ನಿದ್ದೆಯಲ್ಲಿದ್ದ.

ಎರಡನೆಯ ಅವಕಾಶ 2025ರ ಸೆಪ್ಟೆಂಬರ್ 7ರಂದು ಒದಗಿತು. ಅದು ಪೂರ್ಣಗ್ರಹಣವಾದರೂ 9.57ರಿಂದ ಸುಮಾರು ಒಂದು ಗಂಟೆಯ ಕಾಲ ಅದು ಭಾಗಶಃ ಗ್ರಹಣವೇ ಆಗಿದ್ದು, ಚಂದ್ರ ಅರ್ಧ ಮುಳುಗಿದಾಗ ಅದೇ ಲೆನ್ಸಿನಲ್ಲೂ ಬಾಣ 28 ಪಿಕ್ಸೆಲ್‌ಗೆ ಬೆಳೆಯುತ್ತದೆ. ಆಗ ಎರಡು ಪಿಕ್ಸೆಲ್‌ಗಳ ತಪ್ಪು ಉತ್ತರವನ್ನು 2.5ಕ್ಕೂ 2.9ಕ್ಕೂ ನಡುವೆಯೇ ಕಟ್ಟಿಹಾಕುತ್ತದೆ. ಮೋಡದ ಬಿರುಕುಗಳಲ್ಲಿ ಸಿಕ್ಕ ನಾಲ್ಕು ಚಿತ್ರಗಳಲ್ಲಿ ಎರಡನ್ನು ಅಂಚಿಗಂಟಿದ ಮೋಡದ ಕಾರಣಕ್ಕೆ ಬಿಡಬೇಕಾಯಿತು. ಉಳಿದೆರಡನ್ನು ಸಂಖ್ಯೆ ನೋಡುವ ಮೊದಲೇ ಆರಿಸಿಟ್ಟಿದ್ದರಿಂದ, ಬಂದ 2.5 ಮತ್ತು 2.8ನ್ನು ತಿದ್ದದೆ ಹಾಗೆಯೇ ಬರೆದಿಡಲಾಗಿದೆ.

2028ರ ಜುಲೈ 6ರ ರಾತ್ರಿಯ ಭಾಗಶಃ ಗ್ರಹಣ ಭಾರತಕ್ಕೆ ಕಾಣುವಂಥದ್ದಾದರೂ ಅದು ಪುನರ್ವಸು ಮಳೆಯ ಹೊಸ್ತಿಲು. ಅದೇ ವರ್ಷದ ಡಿಸೆಂಬರ್ 31ರ ಗ್ರಹಣಕ್ಕೆ ಆಕಾಶ ತಿಳಿಯಾಗಿರುವ ಭರವಸೆ ಹೆಚ್ಚು. ಗ್ರಹಣವಿಲ್ಲದ ಚಂದ್ರನ ಚಿತ್ರವನ್ನು ಅಂದು ಸಂಜೆ ಏಳಕ್ಕೇ ತೆಗೆದಿಡಬೇಕು.