ದುರಸ್ತಿಗೆ ಮೊದಲು ಆವೃತ್ತಿ ನೋಡಿ

ಪೋಸ್ಟ್‌ಗ್ರೆಸ್ ಸರ್ವರ್ ಏಳುತ್ತಿಲ್ಲ, ಬ್ಯಾಕಪ್ ಹಳೆಯದು, ಮೇಲಿನವರು ಫೋನಿನಲ್ಲಿ ಕಾಯುತ್ತಿದ್ದಾರೆ. ಇಂಥ ಹೊತ್ತಿಗೆಂದೇ ಅನೇಕ ಕಚೇರಿಗಳಲ್ಲಿ ಸ್ವಂತವಾಗಿ ಬರೆದುಕೊಂಡ ಸಣ್ಣದೊಂದು ದುರಸ್ತಿ ಪ್ರೋಗ್ರಾಂ ಇರುತ್ತದೆ. ಅಂಥವುಗಳ ಕೋಡ್ ಬಿಚ್ಚಿ ನೋಡಿದರೆ ಪದೇಪದೇ ಕಾಣುವ ತಪ್ಪು ಒಂದೇ. ಫೈಲು ಕೆಟ್ಟಿದೆಯೇ ಎಂದು ಮೊದಲು ಪರೀಕ್ಷಿಸುತ್ತವೆ, ಅದು ತಾವು ಬಲ್ಲ ಆವೃತ್ತಿಯ ಫೈಲೇ ಎಂದು ಆಮೇಲೆ ನೋಡುತ್ತವೆ. ಕೆಲವು ನೋಡುವುದೇ ಇಲ್ಲ. ಈ ಕ್ರಮ ತಿರುವುಮುರುವಾಗಬೇಕು. ಆವೃತ್ತಿ ಹೊಂದದಿರುವುದು ಬೇರೆ, ಫೈಲು ಹಾಳಾಗಿರುವುದು ಬೇರೆ. ಎರಡನ್ನೂ ಒಂದೇ ಎಂದೆಣಿಸುವ ಉಪಕರಣ, ಉಳಿದಿದ್ದ ಡೇಟಾವನ್ನೂ ಕಳೆದುಬಿಡುತ್ತದೆ.

ಪಿಜಿ_ಕಂಟ್ರೋಲ್ ಎಂಬ 8192 ಬೈಟ್‌ಗಳ ಫೈಲನ್ನೇ ತೆಗೆದುಕೊಳ್ಳಿ. ಕೊನೆಯ ಚೆಕ್‌ಪಾಯಿಂಟ್ ಎಲ್ಲಿ, ಮುಂದಿನ ವ್ಯವಹಾರ ಸಂಖ್ಯೆ ಯಾವುದು ಎಂಬ ಪ್ರಾಣಪ್ರಾಯವಾದ ವಿವರಗಳು ಇದರಲ್ಲಿವೆ. ಆ ವಿವರಗಳ ಕಟ್ಟಕಡೆಗೆ ಚೆಕ್‌ಸಮ್ ಕೂರುತ್ತದೆ. ಹೊಸ ಆವೃತ್ತಿಯಲ್ಲಿ ಒಂದು ಅಂಶ ಸೇರಿತೆನ್ನಿ, ಚೆಕ್‌ಸಮ್‌ನ ಜಾಗವೂ ಸರಿಯುತ್ತದೆ. ಹಳೆಯ ಉಪಕರಣ ತನಗೆ ಗೊತ್ತಿದ್ದ ಜಾಗದಲ್ಲಿ ಹುಡುಕಿ, ಸಿಕ್ಕ ಸಂಖ್ಯೆ ತಾಳೆಯಾಗದೆ, ಆರೋಗ್ಯವಾಗಿರುವ ಫೈಲನ್ನೇ ಕೆಟ್ಟಿದೆ ಎನ್ನುತ್ತದೆ. ತೆಲುಗು ಓದಲು ಬಾರದವನು ತೆಲುಗಿನ ಪತ್ರ ಹಿಡಿದು ಇದರ ಶಾಯಿ ಅಳಿಸಿದೆ ಎಂದಂತೆ. ಅಷ್ಟಕ್ಕೇ ನಿಂತರೆ ಚಿಂತೆಯಿಲ್ಲ; ದುರಸ್ತಿ ಉಪಕರಣ ಅಲ್ಲಿಗೆ ನಿಲ್ಲುವುದಿಲ್ಲ. ಕೆಟ್ಟ ಫೈಲಿನ ಬದಲು ಊಹೆಯ ಮೌಲ್ಯಗಳನ್ನು ಬರೆಯುವುದೇ ಅದರ ಕಸುಬು. ಪೋಸ್ಟ್‌ಗ್ರೆಸ್‌ನದೇ ಆದ ಪಿಜಿ_ರೀಸೆಟ್‌ವಾಲ್ ಕೂಡ, ಪಿಜಿ_ಕಂಟ್ರೋಲ್ ಒಡೆದಿದ್ದರೂ ಬೇರೆ ಆವೃತ್ತಿಯದಾಗಿದ್ದರೂ ಒಂದೇ ಎಚ್ಚರಿಕೆ ಕೊಟ್ಟು ಅದನ್ನು ಬದಿಗಿಡುತ್ತದೆ, ಒತ್ತಾಯಿಸಿದರೆ ಊಹೆಯನ್ನೇ ಬರೆದು ಹಳೆಯ ವಾಲ್ ಫೈಲುಗಳನ್ನು ಅಳಿಸುತ್ತದೆ. ಆದ್ದರಿಂದಲೇ ಆ ಹಂತಕ್ಕೆ ಬರುವ ಮುಂಚೆ ಅದು ಪಿಜಿ_ವರ್ಶನ್ ಎಂಬ ಪುಟ್ಟ ಫೈಲನ್ನು ಓದುತ್ತದೆ. ಸರ್ವರ್ ಕೂಡ ಏಳುವಾಗ ಮೊದಲು ಆವೃತ್ತಿ, ನಂತರವೇ ಚೆಕ್‌ಸಮ್ ನೋಡುತ್ತದೆ. ನಿಮ್ಮ ಉಪಕರಣವೂ ಇದೇ ದಾರಿ ಹಿಡಿಯಬೇಕು.

ಹಾಗಾಗಿ ಮೊದಲ ಹೆಜ್ಜೆ, ಏನನ್ನೂ ಬರೆಯುವ ಮುನ್ನ ಡೇಟಾ ಡೈರೆಕ್ಟರಿಯ ಪಿಜಿ_ವರ್ಶನ್ ತೆರೆದು, ಮೊದಲ ಸಾಲಿನ ಕೊನೆಯ ಹೊಸಸಾಲು ಚಿಹ್ನೆಯನ್ನು ತೆಗೆದು, ಉಪಕರಣದ ಪ್ರಧಾನ ಆವೃತ್ತಿಯೊಂದಿಗೆ ಅಕ್ಷರಕ್ಕಕ್ಷರ ಹೋಲಿಸುವುದು. ಅಕ್ಷರಕ್ಕಕ್ಷರ ಎಂದು ಒತ್ತಿ ಹೇಳಲು ಕಾರಣವಿದೆ, ಹೆಚ್ಚಿನವರು ಎಡವುವುದು ಇಲ್ಲಿಯೇ. 2017ರಲ್ಲಿ 10ನೇ ಆವೃತ್ತಿ ಬರುವವರೆಗೆ ಪೋಸ್ಟ್‌ಗ್ರೆಸ್‌ನ ಪ್ರಧಾನ ಆವೃತ್ತಿಯೆಂದರೆ ಮೊದಲ ಎರಡು ಅಂಕಿಗಳು: 9.5 ಒಂದು, 9.6 ಇನ್ನೊಂದು. ಆಮೇಲೆ ಮೊದಲ ಅಂಕಿಯೊಂದೇ. ಫೈಲಿನಲ್ಲಿರುವುದನ್ನು ಪೂರ್ಣಾಂಕವಾಗಿ ಓದಿದರೆ 9.5, 9.6 ಎರಡೂ 9 ಆಗಿ ನಿಮ್ಮ ಕಾವಲನ್ನು ದಾಟಿ ಒಳಗೆ ಬರುತ್ತವೆ. ಅಕ್ಷರಗಳಾಗಿಯೇ ಇಟ್ಟುಕೊಂಡು ಹಿರಿದು-ಕಿರಿದು ನೋಡಿದರೆ 9.6ರ ಮುಂದೆ 10 ಚಿಕ್ಕದಾಗುತ್ತದೆ. ಎರಡೂ ಸಾಲದು, ಏಕೆಂದರೆ ಇಲ್ಲಿ ಕೇಳಬೇಕಾದ ಪ್ರಶ್ನೆ ‘ಹೊಸದೇ ಹಳೆಯದೇ’ ಎಂಬುದಲ್ಲ, ‘ಇದೇನಾ ಅಲ್ಲವಾ’ ಎಂಬುದು. ‘ಕನಿಷ್ಠ ಇಷ್ಟಿದ್ದರೆ ಸಾಕು’ ಎಂಬ ಷರತ್ತು ಅಪ್ಲಿಕೇಶನ್‌ಗಳಿಗೆ ಸರಿ. ಡಿಸ್ಕಿನ ಬೈಟ್‌ಗಳನ್ನು ತಿದ್ದುವ ಉಪಕರಣಕ್ಕೆ ಅದು ಅಪಾಯ. ಆದರೆ 16.1 ಮತ್ತು 16.4ರಂಥ ಕಿರು ಆವೃತ್ತಿಗಳ ವ್ಯತ್ಯಾಸಕ್ಕೆ ತಡೆ ಹಾಕಬೇಡಿ. ಒಂದೇ ಪ್ರಧಾನ ಆವೃತ್ತಿಯೊಳಗೆ ಡಿಸ್ಕಿನ ವಿನ್ಯಾಸ ಬದಲಾಗದು. ಡೇಟಾ ಪುಟದ ತಲೆಯಲ್ಲಿರುವ ವಿನ್ಯಾಸ ಸಂಖ್ಯೆಯನ್ನೂ ನಂಬಿ ಕೂರಬೇಡಿ. 8.3ರಿಂದ ಈಚೆಗೆ ಅದು 4 ಆಗಿಯೇ ಉಳಿದಿದೆ.

ಎರಡನೆಯ ಹೆಜ್ಜೆ ಪಿಜಿ_ಕಂಟ್ರೋಲ್. ಇಲ್ಲಿ ಪೋಸ್ಟ್‌ಗ್ರೆಸ್ ಕಟ್ಟಿದವರ ಮುಂದಾಲೋಚನೆ ನಮಗೆ ನೆರವಾಗುತ್ತದೆ. ಮೊದಲ 8 ಬೈಟ್ ಬಿಟ್ಟು ನಂತರದ 4 ಬೈಟ್‌ಗಳಲ್ಲಿ ಕಂಟ್ರೋಲ್ ಫೈಲಿನ ಆವೃತ್ತಿ, ಅದರ ಬೆನ್ನಿಗೇ ಕ್ಯಾಟಲಾಗ್ ಆವೃತ್ತಿ. ಈ ಜಾಗಗಳನ್ನು ಸರಿಸಬಾರದೆಂದು ಮೂಲ ಕೋಡಿನಲ್ಲೇ ಬರೆದಿಟ್ಟಿದ್ದಾರೆ. ಉಳಿದದ್ದು ಅರ್ಥವಾಗದಿದ್ದರೂ ಇವೆರಡನ್ನು ಓದಬಹುದು. ಎರಡನ್ನೂ ಓದಿ, ಏಕೆಂದರೆ 13ರಿಂದ 16ರವರೆಗೆ ಕಂಟ್ರೋಲ್ ಆವೃತ್ತಿ 1300 ಎಂದೇ ಇದೆ. ಅದೊಂದನ್ನೇ ನೋಡಿದರೆ 15ರ ಡೇಟಾ 16ರಂತೆ ಕಾಣುತ್ತದೆ. ವ್ಯತ್ಯಾಸ ಬಯಲಾಗುವುದು ಕ್ಯಾಟಲಾಗ್ ಸಂಖ್ಯೆಯಲ್ಲಿ: 15ಕ್ಕೆ 202209061, 16ಕ್ಕೆ 202307071. ಕಂಟ್ರೋಲ್ ಆವೃತ್ತಿಯನ್ನು 65536ರಿಂದ ಭಾಗಿಸಿದಾಗ ಶೇಷ ಸೊನ್ನೆಯಾಗಿ ಭಾಗಲಬ್ಧ ಸೊನ್ನೆಯಲ್ಲದಿದ್ದರೆ, ಆ ಫೈಲು ಬೈಟ್‌ಗಳ ಕ್ರಮವೇ ಬೇರೆಯಿರುವ ಯಂತ್ರದಿಂದ ಬಂದಿರುವ ಸಾಧ್ಯತೆ ಹೆಚ್ಚು. ಅದನ್ನು ಹಾಗೆಂದೇ ತಿಳಿಸಿ ನಿಲ್ಲಿ.

ತುರ್ತಿನಲ್ಲಿ ಇಷ್ಟೊಂದು ಅಡ್ಡಿ ಬೇಕೇ ಎಂಬ ಆಕ್ಷೇಪ ಬರುವುದು ಸಹಜ. ತಪ್ಪು ಪ್ರೋಗ್ರಾಂ ಕೈಗೆ ಬರುವುದು ತುರ್ತಿನಲ್ಲೇ ಎಂಬುದು ನನ್ನ ಉತ್ತರ. ಡೆಬಿಯನ್, ಉಬುಂಟುಗಳಲ್ಲಿ 15, 16 ಎರಡೂ ಅಕ್ಕಪಕ್ಕದ ಫೋಲ್ಡರುಗಳಲ್ಲಿರುತ್ತವೆ, ದಾರಿಯಲ್ಲಿ ಒಂದು ಅಂಕಿ ತಪ್ಪಿದರೆ ಸಾಕು. ‘ಫೋರ್ಸ್’ ಆಯ್ಕೆ ಕೊಟ್ಟವರಿಗಾದರೂ ದಾರಿ ಬಿಡಬಾರದೇ ಎಂದರೆ, ಬಿಡಬಾರದು. ಆ ಆಯ್ಕೆ ಇರುವುದು ಕೆಟ್ಟ ಫೈಲಿಗಾಗಿ, ಬೇರೆ ಆವೃತ್ತಿಯ ಫೈಲಿಗಾಗಿ ಅಲ್ಲ. ಪಿಜಿ_ರೀಸೆಟ್‌ವಾಲ್‌ನ ಆವೃತ್ತಿ ತಪಾಸಣೆಯೂ ಅದಕ್ಕೆ ಬಗ್ಗುವುದಿಲ್ಲ. ಪಿಜಿ_ವರ್ಶನ್ ಫೈಲೇ ಕಳೆದುಹೋಗಿದ್ದರೆ ಎಂಬ ಪ್ರಶ್ನೆ ಹೆಚ್ಚು ತೂಕದ್ದು. ಪ್ರತಿ ಡೇಟಾಬೇಸಿನ ಫೋಲ್ಡರಿನಲ್ಲೂ ಅದೇ ಹೆಸರಿನ ಫೈಲಿರುತ್ತದೆ. ಅವುಗಳನ್ನೂ ಪಿಜಿ_ಕಂಟ್ರೋಲನ್ನೂ ನೋಡಿ ಕಂಡದ್ದನ್ನು ಬಳಕೆದಾರರಿಗೆ ತೋರಿಸಿ. ಆವೃತ್ತಿ ಯಾವುದೆಂದು ಅವರೇ ಬರೆದು ಕೊಡಲಿ, ಉಪಕರಣ ಊಹಿಸದಿರಲಿ.

ಸ್ಥಳ ಕಡಿಮೆ, ಇನ್ನುಳಿದದ್ದು ಚುಟುಕಾಗಿ. ದೋಷ ಸಂದೇಶದಲ್ಲಿ ಸಿಕ್ಕ ಆವೃತ್ತಿ, ಬೇಕಾದ ಆವೃತ್ತಿ ಎರಡೂ ಇರಲಿ. ನಿರ್ಗಮನ ಸಂಕೇತ ಸೊನ್ನೆಯಾಗದಿರಲಿ. ಬರೆಯದೆ ತೋರಿಸುವ ವಿಧಾನದಲ್ಲೂ ತಪಾಸಣೆ ನಡೆಯಲಿ. ನಿಮ್ಮ ಉಪಕರಣ 16ರದೆನ್ನಿ; ಪರೀಕ್ಷೆಗೆ ಖಾಲಿ ಫೈಲು, 9.6, 15, 17, ಹೊಸಸಾಲಿಲ್ಲದ 16, ಇವಿಷ್ಟನ್ನು ಕೊಟ್ಟು, ಪ್ರತಿ ತಿರಸ್ಕಾರದ ನಂತರವೂ ಡೈರೆಕ್ಟರಿಯ ಒಂದು ಬೈಟ್ ಕೂಡ ಬದಲಾಗಿಲ್ಲವೆಂದು ಖಚಿತಪಡಿಸಿಕೊಳ್ಳಿ.