ಕ್ಯಾಬಿನ್ನೂ ಒಂದು ಮನೆಯೇ

ಲಾರಿ ಓಡಿಸುವ ಅಣ್ಣಂದಿರೇ, ಟ್ರಿಪ್ ಹೊರಟರೆ ಉಣ್ಣುವುದು, ಮಲಗುವುದು ಎಲ್ಲ ಕ್ಯಾಬಿನ್‌ನಲ್ಲೇ. ಅಂದಮೇಲೆ ಅದನ್ನು ಆಯುಧಪೂಜೆಗೊಮ್ಮೆ ತೊಳೆದು ಹಾರ ಹಾಕಿದರೆ ಸಾಲದು.

ಮೊದಲು ಕಾಲಬುಡ ನೋಡಿಕೊಳ್ಳಿ. ಅರ್ಧ ಕುಡಿದಿಟ್ಟ ನೀರಿನ ಬಾಟಲಿ ಘಾಟಿ ಇಳಿಯುವಾಗ ಉರುಳಿ ಬ್ರೇಕ್ ಪೆಡಲ್ ಕೆಳಗೆ ಸಿಕ್ಕಿಕೊಂಡರೆ, ಎಷ್ಟು ಒತ್ತಿದರೂ ಪೆಡಲ್ ಇಳಿಯದು. ಬಿಚ್ಚಿಟ್ಟ ಚಪ್ಪಲಿಯೂ ಅಷ್ಟೇ. ಬಾಟಲಿಗೆ ಬಾಗಿಲ ಗೂಡು, ಜಾಕ್ ಮತ್ತು ಸ್ಪ್ಯಾನರಿಗೆ ಟೂಲ್‌ಬಾಕ್ಸ್ ಎಂದು ಜಾಗ ಗೊತ್ತುಮಾಡಿ. ದೇವರ ಫೋಟೊ ಇರಲಿ. ಗಾಜಿಗೆ ಅಡ್ಡ ತೂಗಾಡುವ ಕುಚ್ಚು ಬೇಡ.

ಆರ್‌ಸಿ, ಎಫ್‌ಸಿ, ಇನ್ಶೂರೆನ್ಸ್, ಪರ್ಮಿಟ್, ಎಮಿಷನ್ ಎಲ್ಲ ಒಂದೇ ಫೈಲಿನಲ್ಲಿರಲಿ. ಆಯಾ ಟ್ರಿಪ್ಪಿನ ಎಲ್‌ಆರ್, ಇ-ವೇ ಬಿಲ್ಲಿಗೆ ಬೇರೆ ಕವರ್. ತಪಾಸಣೆಗೆ ನಿಲ್ಲಿಸಿದಾಗ ಸೀಟೆತ್ತಿ ಹುಡುಕುವ ಪಾಡು ತಪ್ಪುತ್ತದೆ.

2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ, ಭಾರಿ ಲಾರಿಗಳಿಗೆ ಎ.ಸಿ. ಕ್ಯಾಬಿನ್ ಕಡ್ಡಾಯ. ಗಾಜು ಏರಿಸಿಕೊಂಡೇ ಓಡಿಸುವಾಗ ಹಳಸಿದ ಚಿತ್ರಾನ್ನದ ವಾಸನೆ, ಬೀಡಿ ಹೊಗೆ ಎಲ್ಲಿಗೆ ಹೋಗಬೇಕು? ಕಸಕ್ಕೊಂದು ಚೀಲ ಕಟ್ಟಿ. ಡೀಸೆಲ್ ಹಾಕಿಸುವಾಗಲೆಲ್ಲ ಬಂಕಿನ ಕಸದ ಡಬ್ಬಿಗೆ ಸುರಿಯಿರಿ. ಅದೇ ಐದು ನಿಮಿಷದಲ್ಲಿ ಮುಂದಿನ ಗಾಜಿನ ಒಳಮೈ ಒರೆಸಿ. ಅಲ್ಲಿ ಕೂತ ಮಬ್ಬಿಗೆ ರಾತ್ರಿ ಎದುರು ಗಾಡಿಯ ಲೈಟು ಬಿದ್ದರೆ ರಸ್ತೆಯೇ ಕಾಣದು. ಹಾಸಿಗೆಗೆ ವಾರಕ್ಕೊಮ್ಮೆ ಬಿಸಿಲು ತೋರಿಸಿ.

ಮನೆಯವರು ಯಾವತ್ತಾದರೂ ಹತ್ತಿ ಕೂತರೆ ಮೂಗು ಮುಚ್ಚಿಕೊಳ್ಳಬಾರದು. ಅಷ್ಟು ಚೊಕ್ಕಟವಿದ್ದರೆ ಸಾಕು.