ಊರು ಬಿಡಿಸುವ ಮೊದಲು

ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿ ಮಾಡುವುದನ್ನು ತಡೆಯಲು ಮುಂದೆ ಬಂದವರಲ್ಲಿ ಬಹಳಷ್ಟು ಮಂದಿ ಒಂದು ಕಾಲಕ್ಕೆ ತಾವೇ ಮುತ್ತು ಕಟ್ಟಿಸಿಕೊಂಡವರು. ರಾಜ್ಯದ ದೇವದಾಸಿ ನಿಷೇಧ ಕಾಯ್ದೆ 1982ರಲ್ಲೇ ಬಂದಿತ್ತು. ಘಟಪ್ರಭಾದ ‘ಮಾಸ್’ ಸಂಸ್ಥೆ 1997ರಿಂದ ಈ ಹೆಣ್ಣುಮಕ್ಕಳನ್ನೇ ಮುಂದಾಳುಗಳನ್ನಾಗಿ ಮಾಡಿತು. ಅದರ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಆದರೆ ಹಳ್ಳಿಯೊಳಗೆ ಒಬ್ಬಳೇ ನಿಂತು ದೂರು ಕೊಟ್ಟವಳ ಮನೆಯ ತಗಡಿನ ಮೇಲೆ ಇವತ್ತಿಗೂ ರಾತ್ರಿ ಕಲ್ಲು ಬೀಳುತ್ತವೆ. ಅಂಥವರಿಗೆ ಬೇರೆ ಕಡೆ ನೆಲೆ ಹುಡುಕಿಕೊಡುವ ಕೆಲಸದಲ್ಲಿ ಕಲಿತದ್ದನ್ನು ಬರೆಯುತ್ತಿದ್ದೇನೆ.

1. ಊರು ಬಿಡುವ ಮಾತು ಅವಳ ಬಾಯಿಂದಲೇ ಬರಲಿ.

ನಮ್ಮಂಥ ಕಾರ್ಯಕರ್ತರಿಗೆ ಅವಸರ ಜಾಸ್ತಿ. ಜೀಪು ತರಿಸಿ, ಗಂಟು ಕಟ್ಟಿಸಿಬಿಡುತ್ತೇವೆ. ಒಬ್ಬಾಕೆ ಕಂಡಿಕೆ ಸುತ್ತುವ ಕೈ ನಿಲ್ಲಿಸದೆ ಹೇಳಿದಳು: “ನಾ ಹ್ವಾದ್ನಂದ್ರ ಈ ಹುಣ್ಣಿವಿಗೆ ಆ ಹುಡಿಗಿ ಕೊಳ್ಳಾಗ ಮುತ್ತ ಬೀಳೂದು ಖರೇನ್ರಿ ಅಕ್ಕಾರ. ಅವರಿಗೆ ಬೇಕಾದದ್ದೂ ಅದ.” ಅವಳ ಲೆಕ್ಕ ಸರಿಯಾಗಿತ್ತು. ಬೆದರಿಕೆಯ ಬೇರು ಇದ್ದದ್ದು ಇವಳು ಮುತ್ತು ಕಟ್ಟದಂತೆ ತಡೆದಿದ್ದ ಆ ಹುಡುಗಿಯಲ್ಲಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಹೋಗಿ, ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಹುಡುಗಿ ಹಾಸ್ಟೆಲ್ ಸೇರಿದ ಮೇಲೆ ಇವಳ ಮನೆಯ ಮುಂದೆ ಬಂದು ನಿಲ್ಲುವವರು ಕಡಿಮೆಯಾದರು. ಭರತ ಹುಣ್ಣಿಮೆ ಕಳೆಯುವವರೆಗೆ ಅವಳನ್ನು ಸಂಬಂಧಿಕರಲ್ಲದವರ ಮನೆಯಲ್ಲಿ ಇಟ್ಟೆವು, ಆಮೇಲೆ ಊರಿಗೇ ಮರಳಿದಳು. ಹೋರಾಟಗಾರ್ತಿಯನ್ನು ಅವಳ ಜನರಿಂದ ದೂರ ಒಯ್ಯುವುದು ಎಷ್ಟೋ ಸಲ ಬೆದರಿಸಿದವನ ಕೆಲಸವನ್ನು ನಾವೇ ಮಾಡಿಕೊಟ್ಟಂತೆ. ಹಾಗಾಗಿ ಸ್ಥಳಾಂತರ ಆದಷ್ಟು ಹತ್ತಿರಕ್ಕೆ, ಆದಷ್ಟು ಕಡಿಮೆ ದಿನಕ್ಕೆ ಇರಲಿ. ಜೀವಕ್ಕೇ ಕುತ್ತು ಎಂದಾಗ ಮಾತ್ರ ದೂರದ ಮಾತು.

2. ನಮ್ಮವರಿರುವ ಊರು ಬೇಡ.

ಬನಹಟ್ಟಿಯವರಿಗೆ ಊರು ಬಿಡುವುದೆಂದರೆ ಥಟ್ಟನೆ ನೆನಪಾಗುವುದು ಇಚಲಕರಂಜಿ, ಸೊಲ್ಲಾಪುರ. ಮಗ್ಗ ಗೊತ್ತಿದ್ದವರಿಗೆ ಅಲ್ಲಿ ನಾಳೆಯೇ ಕೆಲಸ ಸಿಗುತ್ತದೆ. ಆದರೆ ಅಲ್ಲಿನ ಪವರ್‌ಲೂಮ್ ಶೆಡ್ಡುಗಳಲ್ಲಿ ನಮ್ಮ ಕಡೆಯವರು ಇದ್ದೇ ಇರುತ್ತಾರೆ. ಅವಳು ಕಾಲಿಟ್ಟ ಸುದ್ದಿ ವಾರದೊಳಗೆ ವಾಪಸು ಬರುತ್ತದೆ. ಕೆಲಸ ಸಿಗುವುದು ತಡವಾದರೂ ಮಗ್ಗವಿಲ್ಲದ ಊರೇ ಒಳ್ಳೆಯದು.

3. ರಾಜ್ಯ ದಾಟಿದರೆ ಕಾಗದಗಳ ಬೆಲೆ ಬದಲಾಗುತ್ತದೆ.

ಪರಿಶಿಷ್ಟ ಜಾತಿಯ ಪಟ್ಟಿ ರಾಜ್ಯಕ್ಕೊಂದು. ವಲಸೆ ಹೋದವರಿಗೆ ಹೊಸ ರಾಜ್ಯದಲ್ಲಿ ಆ ಸೌಲಭ್ಯ ಸಿಗದು ಎಂದು ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ಮಿರಜ, ಸಾಂಗಲಿ ಒಂದೆರಡು ತಾಸಿನ ದಾರಿ ನಿಜ, ಆದರೆ ಅಲ್ಲಿನ ರಾಜ್ಯದ ಸೌಲಭ್ಯಗಳಿಗೆ ಅವಳ ಮಕ್ಕಳ ಜಾತಿ ಪ್ರಮಾಣಪತ್ರ ಬರಿ ಹಾಳೆ. ಮಾಜಿ ದೇವದಾಸಿಯರ ಮಾಸಾಶನದ ಪಾಡೂ ಅಷ್ಟೇ. 1993-94 ಮತ್ತು 2007-08ರ ಸಮೀಕ್ಷೆಗಳಲ್ಲಿ ಹೆಸರು ಬಂದವರಿಗೇ ವರ್ಷಗಟ್ಟಲೆ ಸಿಕ್ಕಿದ್ದು ಅದು. ವಿಳಾಸದ ಗೊಂದಲದಲ್ಲಿ ಅದನ್ನು ಕಳೆದುಕೊಳ್ಳಬಾರದು. ಇನ್ನು ರಾಜ್ಯದೊಳಗೆ ಹೆಂಗಸರಿಗೆ ಪುಕ್ಕಟೆಯಾದ ‘ಶಕ್ತಿ’ ಬಸ್ಸು: 2023ರ ಜೂನ್‌ನಿಂದ ಕೈಯಲ್ಲಿ ದುಡ್ಡಿಲ್ಲದವಳೂ ಆಧಾರ್ ತೋರಿಸಿ ಹೊರಟುಬಿಡಬಹುದು. ಹೊರಡುವುದು ಮಾತ್ರ ಕಂಡಕ್ಟರ್ ಗುರುತಿನವನಲ್ಲದ ಗಾಡಿಗೆ.

4. ಗುಟ್ಟು ಬಿಟ್ಟುಕೊಡುವುದು ಮೊಬೈಲ್.

ಅವಳ ಪಾಸ್‌ಬುಕ್ಕಿಗೆ ಜೋಡಿಸಿದ ನಂಬರ್ ಯಾರದು? ನಮ್ಮ ಕಡೆ ಹೆಚ್ಚಾಗಿ ಅಣ್ಣನದೋ ತಮ್ಮನದೋ. ಅವಳು ಹೊಸ ಊರಿನ ಎಟಿಎಂನಲ್ಲಿ ಐನೂರು ರೂಪಾಯಿ ತೆಗೆದರೆ ಟಣ್ಣೆಂದು ಮೆಸೇಜ್ ಹೋಗುವುದು ಅವನಿಗೆ. ಆಧಾರ್‌ನ ಒಟಿಪಿಯೂ ಅವನಿಗೇ. ಹೊರಡುವ ಮೊದಲೇ, ಊರಲ್ಲಿದ್ದಾಗಲೇ, ಅವಳ ಹೆಸರಿನದೇ ಸಿಮ್ಮು, ಅವಳದೇ ಖಾತೆ ಆಗಬೇಕು. ಜೀಪಿಗಿಂತ ಮುಂಚೆ ಆಗಬೇಕಾದ ಕೆಲಸ ಇದು.

5. ಮಕ್ಕಳ ಟಿಸಿಗೆ ಓಡಬೇಡಿ.

ಹೊಸ ಶಾಲೆಯಿಂದ ಹಳೆ ಶಾಲೆಗೆ ಕಾಗದ ಹೋದರೆ ಹೆಡ್‌ಮಾಸ್ತರರ ಟೇಬಲ್ಲಿನಿಂದ ಊರ ಕಟ್ಟೆಗೆ ಎಷ್ಟು ಹೊತ್ತು? ಟಿಸಿ ತಡವಾಯಿತೆಂದು ದಾಖಲಾತಿ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಹುಡುಗ ಮೊದಲು ಕ್ಲಾಸಿನಲ್ಲಿ ಕೂರಲಿ.

6. ಸರಕಾರದ ಆಸರೆ ಬಾಗಿಲು ಮಾತ್ರ, ಮನೆಯಲ್ಲ.

ಮಹಿಳಾ ಸಹಾಯವಾಣಿ 181ಕ್ಕೆ ಫೋನು ಮಾಡಿದರೆ ಜಿಲ್ಲೆಯ ಸಖಿ ಕೇಂದ್ರ ಸಿಗುತ್ತದೆ, ಅಲ್ಲಿ ಐದು ದಿನದವರೆಗೆ ಇರಬಹುದು. ಆರನೆಯ ದಿನದ ಯೋಚನೆ ಮೊದಲನೆಯ ದಿನವೇ ಶುರುವಾಗಬೇಕು. ಅದರ ಮುಂದಿನದು ಹೆಚ್ಚು ದಿನ ಇರಬಹುದಾದ ಸರಕಾರಿ ಆಸರೆಮನೆ, ಶಕ್ತಿ ಸದನ. ಕಾಬೂಲು ತಾಲಿಬಾನರ ಕೈ ಸೇರಿದ ಮೇಲೆ ದೇಶ ಬಿಟ್ಟ ನ್ಯಾಯಾಧೀಶೆಯರ, ಹೋರಾಟಗಾರ್ತಿಯರ ಕಥೆ ಪತ್ರಿಕೆಯಲ್ಲಿ ಓದಿದ್ದೇವೆ. ಅಂಥವರು ಇಲ್ಲಿಗೆ ಬಂದರೆ, ಭಾರತದಲ್ಲಿ ನಿರಾಶ್ರಿತರ ಕಾನೂನೇ ಇಲ್ಲ. ಆದರೂ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಮೂರನೆಯ ದೇಶಕ್ಕೆ ಕಳಿಸುವಾಗ ಅಪಾಯದಲ್ಲಿರುವ ಹೆಂಗಸರನ್ನು ಬೇರೆ ವರ್ಗವಾಗಿಯೇ ನೋಡುತ್ತದೆ. ಸ್ವಂತ ಜಿಲ್ಲೆಯಿಂದ ಪಕ್ಕದ ಜಿಲ್ಲೆಗೆ ಓಡಬೇಕಾದ ನಮ್ಮ ಹೆಣ್ಣುಮಗಳನ್ನು ಗುರುತಿಸುವ ಅಂಥ ವರ್ಗ ಯಾವ ಫಾರ್ಮಿನಲ್ಲೂ ಇಲ್ಲ.

7. ಸನ್ಮಾನ ಬೇಡ.

ಶಾಲು, ಹಾರ, ಗುಂಪು ಫೋಟೊ, ವಾಟ್ಸ್‌ಆ್ಯಪ್ ಸ್ಟೇಟಸ್ಸು. ಪುಣ್ಯಾತ್ಮರೇ, ಸ್ವಲ್ಪ ತಡೆಯಿರಿ.

8. ಅಪಾಯದ ದಿನ ಸಾಕ್ಷಿಯ ದಿನ.

ಎಷ್ಟು ಜಾಗ್ರತೆಯಿಂದ ನೆಲೆ ಹುಡುಕಿದರೂ ಸಮನ್ಸ್ ಬಂದ ದಿನ ಅವಳು ಮತ್ತೆ ಇಲ್ಲಿಗೇ ಬರಬೇಕು. ಆ ತಾರೀಖು ಎದುರು ಪಾರ್ಟಿಗೂ ಗೊತ್ತು. ಸಾಕ್ಷಿ ರಕ್ಷಣಾ ಯೋಜನೆಗೆ 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕಾನೂನಿನ ಬಲ ಕೊಟ್ಟಿತು. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಿದರೆ ಪೊಲೀಸರಿಂದ ಬೆದರಿಕೆಯ ವರದಿ ತರಿಸುತ್ತಾರೆ. ಬೆಂಗಾವಲು, ಸ್ಥಳಾಂತರದವರೆಗೂ ಆದೇಶ ಆಗಬಹುದು. ಈ ಅರ್ಜಿ ಹಾಕುವ ವಕೀಲರು ನಮ್ಮಲ್ಲಿ ವಿರಳ, ನೀವೇ ನೆನಪಿಸಿ. ವಕೀಲರ ಫೀ ಕಟ್ಟಲಾಗದಿದ್ದರೆ ಕಾನೂನು ಸೇವಾ ಪ್ರಾಧಿಕಾರದ ನೆರವು ಹೆಂಗಸರಿಗೆ ಉಚಿತ, ಆದಾಯದ ಮಿತಿ ಇಲ್ಲ. ವಿಡಿಯೊ ಮೂಲಕ ಸಾಕ್ಷಿ ಹೇಳಲು ಅವಕಾಶ ಕೇಳಿ. ಸಿಗದಿದ್ದರೆ ಅವಳನ್ನು ಬಸ್ ಸ್ಟ್ಯಾಂಡಿನಲ್ಲಿ ಇಳಿಸಬೇಡಿ. ರೈಲಿನಲ್ಲಿ ಕುಡಚಿಗೆ ಬರಲಿ, ಅಲ್ಲಿಂದ ಕಾರು ಮಾಡಿ. ಕೋರ್ಟಿನ ಒಳಗೆ ಇಬ್ಬರು ಹೆಂಗಸರು ಜೊತೆಗಿರಲಿ. ಬಾಡಿಗೆಯ ದುಡ್ಡು ಮೊದಲೇ ತೆಗೆದಿಡಿ. ಕೇಸು ಮುಂದೂಡಿದರೆ ಇದೆಲ್ಲ ಇನ್ನೊಂದು ಸಲ.